ಗೇರ್ ಲಿವರ್, ಎರಿ ಮಣ್ಣು, ಮಳೆಗಾಲ: ಮೂರು ಬಗೆಯ ಚರ್ಮದ ವರ್ಕ್ ಬೂಟುಗಳ ವಿಮರ್ಶೆ

ಹುಬ್ಬಳ್ಳಿ-ಧಾರವಾಡದ ಕಡೆ ಚರ್ಮದ ಬೂಟು ಮೊದಲು ಸವೆಯುವುದು ಎಡಗಾಲಿನ ಬೆರಳ ಮೇಲೆ. ತಾರಿಹಾಳಕ್ಕೆ, ಗೋಕುಲ ರಸ್ತೆಯ ಶೆಡ್ಡುಗಳಿಗೆ, ಧಾರವಾಡದಾಚೆಯ ಬೇಲೂರಿಗೆ ಕೆಲಸಕ್ಕೆ ಹೋಗುವವರಲ್ಲಿ ಬಹಳ ಮಂದಿ ಬೈಕಿನ ಮೇಲೆ ಹೋಗುವವರು. ಗೇರು ಏರಿಸುವಾಗ ಲಿವರಿನ ಕೆಳಗೆ ಕಾಲು ತೂರಿಸಿ ಮೇಲಕ್ಕೆತ್ತಬೇಕು. ಎತ್ತಿದಾಗಲೆಲ್ಲ ಹೆಬ್ಬೆರಳ ಮೇಲಿನ ಚರ್ಮ ಒಂದಿಷ್ಟು ಉಜ್ಜಿಹೋಗುತ್ತದೆ. ಎರಡನೆಯ ಜಾಗ ಮೇಲಿನ ಚರ್ಮ ಮತ್ತು ಸೋಲ್ ಕೂಡುವ ಅಂಚು. ಮಳೆಗಾಲದಲ್ಲಿ ಎರಿ ಮಣ್ಣು ಅಲ್ಲೇ ಕೂತು ಒಣಗುತ್ತದೆ. ಮೂರನೆಯದು ನಡೆಯುವಾಗ ಪಾದ ಮಡಚುವ ಗೆರೆ. ಅಂಗಡಿಯಲ್ಲಿ ಬೂಟು ಎಷ್ಟು ಹೊಳೆಯುತ್ತದೆ, ಚರ್ಮ ಎಷ್ಟು ದಪ್ಪ ಇದೆ ಅನ್ನುವುದಕ್ಕಿಂತ ಈ ಮೂರು ಜಾಗಗಳಲ್ಲಿ ಅದನ್ನು ಹೇಗೆ ಕಟ್ಟಿದ್ದಾರೆ ಅನ್ನುವುದರ ಮೇಲೆ ಅದರ ಬಾಳಿಕೆ ನಿಂತಿದೆ.

ಇಲ್ಲಿ ತೂಗಿ ನೋಡಿರುವುದು ಮೂರು ಬಗೆಯ ಬೂಟು. ಒಂದು, ಕಾರ್ಖಾನೆಗಳಲ್ಲಿ ಎಲ್ಲೆಡೆ ಕಾಣುವ, ಪಿಯು (ಪಾಲಿಯುರೆಥೇನ್) ಸೋಲಿನ ಐಎಸ್‌ಐ ಗುರುತಿನ ಸೇಫ್ಟಿ ಬೂಟು. ಎರಡು, ಹಳದಿ ದಾರದ ಹೊಲಿಗೆಯಿಂದ ದೂರದಲ್ಲೇ ಗುರುತು ಸಿಗುವ ಡಾಕ್ಟರ್ ಮಾರ್ಟನ್ಸ್ 1460. ಇಂಗ್ಲೆಂಡಿನಲ್ಲಿ 1960ರ ಏಪ್ರಿಲ್ 1ರಂದು ಹೊರಬಂದದ್ದರಿಂದ ತಾರೀಖೇ ಅದರ ಹೆಸರಾಯಿತು. ಮೂರು, ಅಮೆರಿಕದ ಮಿನೆಸೋಟದಲ್ಲಿ 1905ರಲ್ಲಿ ಶುರುವಾದ ರೆಡ್ ವಿಂಗ್ ಕಂಪನಿಯ ಐರನ್ ರೇಂಜರ್ 8111. ಅಲ್ಲಿನ ಕಬ್ಬಿಣದ ಗಣಿ ಕೆಲಸಗಾರರ ಬೂಟಿನ ಮಾದರಿ ಅದು. ಬೆರಳ ಮೇಲೆ ಚರ್ಮ ಎರಡು ಪದರ, ತಳಕ್ಕೆ ಗುಡ್‌ಇಯರ್ ವೆಲ್ಟ್ ಹೊಲಿಗೆ, ಅಂದರೆ ಸುತ್ತಲಿನ ಒಂದು ಪಟ್ಟಿಗೆ ಸೋಲನ್ನು ಹೊಲಿದು ಕೂಡಿಸುವ ಬಗೆ. ಇದೇ ಹೊಲಿಗೆಯ ಬೂಟುಗಳನ್ನು ಆಗ್ರಾ, ಕಾನ್ಪುರ, ಚೆನ್ನೈ ಕಡೆಯವರೂ ಮಾಡುತ್ತಾರೆ. ಹಾಗಾಗಿ ಐರನ್ ರೇಂಜರ್ ಬಗ್ಗೆ ಹೇಳುವ ಬಹಳಷ್ಟು ಮಾತು ಅವಕ್ಕೂ ಸಲ್ಲುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ವಾಸಿ. ಕಾಲಿನ ಮೇಲೆ ಭಾರ ಬೀಳುವ ಸಾಧ್ಯತೆ ಇರುವ ಕಡೆ ಐಎಸ್‌ಐ ಸೇಫ್ಟಿ ಬೂಟೇ ಆಗಬೇಕು, ಬೇರೆ ಮಾತಿಲ್ಲ. ಹೊಲ, ಸೈಟು, ಗೋಡೌನು, ಎಪಿಎಂಸಿ ಅಂಗಳ, ದಿನವೂ ಬೈಕು ಅನ್ನುವವರು ಒಂದು ಸಲ ಕೈಬಿಚ್ಚಿ ಖರ್ಚು ಮಾಡಬಲ್ಲರಾದರೆ ವೆಲ್ಟ್ ಹೊಲಿಗೆಯ ಬೂಟು ತಗೊಳ್ಳಲಿ. 1460 ಪೇಟೆಯಲ್ಲಿ ತಿರುಗಾಡಲು ಛಲೋ ಬೂಟು, ದುಡಿಮೆಗೆ ಸಾಲದು.

ಸೋಲ್ ಕೂಡಿರುವ ಬಗೆ

ಸೇಫ್ಟಿ ಬೂಟಿನಲ್ಲಿ ಹೊಲಿಗೆಯೂ ಇಲ್ಲ, ಅಂಟೂ ಇಲ್ಲ. ಹೊಲಿದು ಮುಗಿದ ಮೇಲ್ಭಾಗವನ್ನು ಅಚ್ಚಿನಲ್ಲಿಟ್ಟು ದ್ರವರೂಪದ ಪಾಲಿಯುರೆಥೇನ್ ಒಳಬಿಡುತ್ತಾರೆ. ಅದು ನೊರೆಯೆದ್ದು ಉಬ್ಬಿ ಚರ್ಮಕ್ಕೆ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ ಇರುವುದರಿಂದ ತೂಕ ಕಡಿಮೆ. ಸಿಮೆಂಟ್ ನೆಲದ ಮೇಲೆ ಎಂಟು ತಾಸು ನಿಂತರೂ ಹಿಂಬಡ ನೋಯುವುದು ಕಡಿಮೆ. ಮೊದಲ ದಿನದ ಆರಾಮ ನೋಡಿದರೆ ಮೂರರಲ್ಲಿ ಇದೇ ಮುಂದು.

ಇದರ ದೌರ್ಬಲ್ಯ ಇರುವುದೂ ಅದೇ ಪಿಯುನಲ್ಲಿ. ಗಾಳಿಯ ತೇವ ವರ್ಷಗಳ ಮೇಲೆ ಅದರ ಅಣುಸರಪಳಿಯನ್ನು ಕತ್ತರಿಸುತ್ತ ಹೋಗುತ್ತದೆ. ಬೂಟು ಹಾಕಿದರೂ ಇದು ನಡೆಯುತ್ತದೆ, ಹಾಕದೆ ಡಬ್ಬಿಯಲ್ಲಿಟ್ಟರೂ ನಡೆಯುತ್ತದೆ. ಮುಚ್ಚಿಟ್ಟ ಡಬ್ಬಿಯಲ್ಲಿ ಇನ್ನೂ ಬೇಗ. ಮೇಲೆ ಚರ್ಮ ಹೊಸದರಂತೆ ಕಾಣುತ್ತಿರುತ್ತದೆ, ಒಂದು ದಿನ ನಡೆಯುತ್ತಿದ್ದ ಹಾಗೇ ಸೋಲ್ ಕಡಕ್ ರೊಟ್ಟಿಯಂತೆ ಮುರಿದು ಪುಡಿಯಾಗಿ ಉದುರುತ್ತದೆ. ಇದಕ್ಕೆ ರಿಪೇರಿ ಇಲ್ಲ. ಅದಕ್ಕೇ ಸೇಫ್ಟಿ ಬೂಟು ತಗೊಳ್ಳುವಾಗ ನಾಲಗೆಯ ಮೇಲಿನ ಚೀಟಿಯಲ್ಲೋ ಸೋಲಿನ ಅಡಿಯಲ್ಲೋ ಇರುವ ತಯಾರಿಕೆಯ ತಿಂಗಳು, ವರ್ಷ ನೋಡಲೇಬೇಕು. ಎರಡು ವರ್ಷಕ್ಕಿಂತ ಹಳೆಯ ಸ್ಟಾಕು ಎಷ್ಟು ಅಗ್ಗವಾದರೂ ಬೇಡ. ಅನುಮಾನ ಇದ್ದರೆ ಬೂಟನ್ನು ಬೆರಳಿನ ಬುಡದ ಹತ್ತಿರ ಬಗ್ಗಿಸಿ ಸೋಲಿನ ಪಕ್ಕ ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ, ಅಥವಾ ಉಗುರು ಒತ್ತಿದ ಗುರುತು ಹಾಗೇ ಉಳಿದರೆ, ವಾಪಸ್ ಇಡಿ. ಫೌಂಡ್ರಿ, ವೆಲ್ಡಿಂಗ್, ಬಿಸಿ ಲೋಹದ ಕೆಲಸಕ್ಕೆ ಪಿಯು ಬೇಡವೇ ಬೇಡ, ನೈಟ್ರೈಲ್ ರಬ್ಬರಿನ ಸೋಲ್ ಕೇಳಿ. ಎಚ್‌ಆರ್‌ಒ ಗುರುತು ಇದ್ದರೆ ಆ ಸೋಲ್ 300 ಡಿಗ್ರಿ ಸೆಲ್ಸಿಯಸ್ ಬಿಸಿ ಮೇಲ್ಮೈ ಮೇಲೆ ಒಂದು ನಿಮಿಷ ತಡೆದ ಪರೀಕ್ಷೆ ದಾಟಿದೆ ಎಂದರ್ಥ. ಯಂತ್ರದ ಎಣ್ಣೆ ಚೆಲ್ಲಿದ ನೆಲಕ್ಕೂ ನೈಟ್ರೈಲೇ ಸರಿ. ಸಾದಾ ರಬ್ಬರು ಎಣ್ಣೆ ಹೀರಿ ಉಬ್ಬುತ್ತದೆ.

ವೆಲ್ಟ್ ಹೊಲಿಗೆಯ ಲೆಕ್ಕ ಬೇರೆ. ಒಳಹಾಸಿನ ಚರ್ಮದ ಅಡಿಗೆ ಸುತ್ತಲೂ ಒಂದು ಏಣು ಇರುತ್ತದೆ. ಮೇಲಿನ ಚರ್ಮವನ್ನು ಅಲ್ಲಿಗೆ ಎಳೆದು, ಹೊರಗಿನಿಂದ ವೆಲ್ಟ್ ಎಂಬ ಪಟ್ಟಿಯನ್ನು ಇಟ್ಟು, ಮೂರನ್ನೂ ಸೇರಿಸಿ ಒಂದು ಹೊಲಿಗೆ ಹಾಕುತ್ತಾರೆ. ನಡುವೆ ಉಳಿದ ತಗ್ಗಿಗೆ ಕಾರ್ಕ್ ತುಂಬುತ್ತಾರೆ. ಆಮೇಲೆ ಎರಡನೆಯ ಹೊಲಿಗೆ, ವೆಲ್ಟಿಗೂ ತಳದ ಸೋಲಿಗೂ ಮಾತ್ರ. ಸೋಲ್ ಸವೆದಾಗ ಬಿಚ್ಚುವುದು ಈ ಎರಡನೆಯ ಹೊಲಿಗೆಯನ್ನಷ್ಟೇ. ಮೇಲ್ಭಾಗಕ್ಕೆ ಕತ್ತರಿ ತಾಗುವುದಿಲ್ಲ. ಈ ಸೂಜಿ ಬೂಟಿನ ಒಳಗಿನವರೆಗೆ ತೂರಿ ಬಂದಿಲ್ಲದ ಕಾರಣ ನೀರು ದಾರ ಹಿಡಿದು ನೇರ ಒಳಗೆ ಬರುವುದೂ ಇಲ್ಲ. ಹೀಗೆ ಕಟ್ಟಿದ್ದು ಭಾರ. ಐರನ್ ರೇಂಜರ್ ಜೋಡಿ ಒಂದೂವರೆ ಕೆಜಿ ಮೀರುತ್ತದೆ, ಮೊದಲ ವಾರ ಕಾಲು ಅದನ್ನು ಒಪ್ಪುವುದಿಲ್ಲ.

1460ರಲ್ಲಿ ವೆಲ್ಟ್ ಇದೆ, ಹಳದಿ ಹೊಲಿಗೆಯೂ ನಿಜವಾದದ್ದೇ. ಆದರೆ ಅಲ್ಲಿ ವೆಲ್ಟ್ ಚರ್ಮದ್ದಲ್ಲ, ಪಿವಿಸಿಯದ್ದು. ತಳದ ಸೋಲೂ ಪಿವಿಸಿ. ಎರಡನ್ನೂ ಕಾಯಿಸಿ ಕರಗಿಸಿ ಬೆಸೆದಿರುತ್ತಾರೆ. ಹೊಲಿಗೆ ಬಿಚ್ಚಿ ಸೋಲ್ ತೆಗೆಯುವ ದಾರಿ ಅಲ್ಲಿ ಮುಚ್ಚಿಹೋಗಿದೆ. ಸೋಲಿನೊಳಗಿನ ಗಾಳಿಯ ಕೋಣೆಗಳಿಂದ ನಡಿಗೆ ಮೆತ್ತಗೆ ಅನ್ನಿಸುವುದು ನಿಜ. ಆದರೆ ಹಿಂಬಡ ಸವೆದು ಆ ಕೋಣೆ ಬಾಯಿಬಿಟ್ಟರೆ ನೀರು ತುಂಬಿಕೊಳ್ಳುತ್ತದೆ, ಹೆಜ್ಜೆ ಹಾಕಿದಾಗಲೆಲ್ಲ ಸದ್ದು ಮಾಡುತ್ತದೆ. ನಮ್ಮ ಕಡೆಯ ರಿಪೇರಿಯವರು ಅದರ ಮೇಲೆ ರಬ್ಬರ್ ತುಂಡು ಅಂಟಿಸಿ ಕೊಡುತ್ತಾರೆ. ಅದು ತಾತ್ಕಾಲಿಕ.

ಪೇಟೆಯಲ್ಲಿ ಸುಳ್ಳು ವೆಲ್ಟೂ ಬಹಳ ಇದೆ. ಸೋಲಿನ ಅಂಚಿಗೆ ಹೊಲಿಗೆಯ ಚಿತ್ರ ಅಚ್ಚೊತ್ತಿರುತ್ತಾರೆ, ಇಲ್ಲವೇ ಬರೀ ಅಂದಕ್ಕೆ ದಾರ ಓಡಿಸಿದ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಬೂಟು ತಿರುವಿ ಅಡಿಯ ಅಂಚು ನೋಡಿ. ಮೇಲೆ ಕಾಣುವ ದಾರ ಅಡಿಯಲ್ಲೂ ಒಂದು ಗೀರಿನೊಳಗೆ ಕೂತು ಸುತ್ತಲೂ ಓಡಿದ್ದರೆ ಸರಿ. ಕೆಲವು ಒಳ್ಳೆಯ ಬೂಟುಗಳಲ್ಲಿ ಆ ಗೀರನ್ನು ಚರ್ಮದಿಂದ ಮುಚ್ಚಿರುತ್ತಾರೆ. ಆಗ ಉಗುರಿನಿಂದ ಅಂಚಿನ ದಾರ ಮೀಟಿ. ಅಚ್ಚಾಗಿದ್ದರೆ ಮಿಸುಕಾಡುವುದಿಲ್ಲ, ರಬ್ಬರಿನ ಗಂಟುಗಳಂತೆ ಕೈಗೆ ಸಿಗುತ್ತದೆ.

ಅಳತೆ

ಹೆಚ್ಚಿನ ದೂರುಗಳ ಮೂಲ ಇಲ್ಲಿದೆ. ವರ್ಷವಿಡೀ ಚಪ್ಪಲಿ ಹಾಕಿ ಬೆಳೆದ ಕಾಲು ಬೆರಳಿನ ಕಡೆ ಹರವಾಗಿರುತ್ತದೆ, ಹಿಂಬಡ ಸಣ್ಣದು. ಅಂಗಡಿಯಲ್ಲಿ ಮುಂದೆ ಬಿಗಿ ಅನ್ನಿಸಿದ ಕೂಡಲೇ ಒಂದು ನಂಬರು ದೊಡ್ಡದು ಕೊಡುತ್ತಾರೆ. ಅಗಲ ಸರಿಹೋಗುತ್ತದೆ, ಆದರೆ ಉದ್ದವೂ ಹೆಚ್ಚುತ್ತದೆ. ಈಗ ಪಾದ ಮಡಚುವ ಜಾಗ ಮತ್ತು ಬೂಟು ಮಡಚುವ ಜಾಗ ಬೇರೆ ಬೇರೆಯಾದವು. ಬೂಟು ಬೆರಳುಗಳ ಮೇಲೆ ಮಡಚುತ್ತದೆ, ಬೆರಳು ಕಾಯುವ ಕಬ್ಬಿಣದ ಟೋಪಿ, ಅಂದರೆ ಸ್ಟೀಲ್ ಟೋ, ಇದ್ದರೆ ಅದರ ಹಿಂದಿನ ಅಂಚು ಬೆರಳಿನ ಬುಡಕ್ಕೆ ಕೊರೆಯುತ್ತದೆ. ಹಿಂಬಡ ಪ್ರತಿ ಹೆಜ್ಜೆಗೂ ಮೇಲೇಳುತ್ತದೆ, ಬೊಕ್ಕೆ ಬರುತ್ತದೆ, ಒಳಗಿನ ಅಸ್ತರಿ ಹರಿಯುತ್ತದೆ. ಬೂಟು ಬಿರುಸು ಎಂದು ಬೈಯುವ ಬಹಳ ಕಡೆ ತಪ್ಪು ಚರ್ಮದ್ದಲ್ಲ, ನಂಬರಿನದು.

ಅಳತೆ ತಗೊಳ್ಳುವುದು ಸಂಜೆ, ಕಾಲು ದಿನದ ಕೆಲಸಕ್ಕೆ ಸ್ವಲ್ಪ ಉಬ್ಬಿದ ಮೇಲೆ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಕಾಗದದ ಮೇಲೆ ನಿಲ್ಲಿ, ಕೂತು ಅಳೆಯಬಾರದು. ಎರಡೂ ಕಾಲಿನ ಸುತ್ತ ಪೆನ್ಸಿಲನ್ನು ನೇರ ಹಿಡಿದು ಗೆರೆ ಎಳೆಸಿ. ಹಿಂಬಡದಿಂದ ಅತಿ ಉದ್ದದ ಬೆರಳಿನವರೆಗೆ ಒಂದು ಅಳತೆ, ಹೆಬ್ಬೆರಳಿನ ಬುಡದ ಗೆಣ್ಣಿನಿಂದ ಕಿರುಬೆರಳಿನ ಬುಡದ ಗೆಣ್ಣಿಗೆ ಇನ್ನೊಂದು. ಎರಡು ಕಾಲಿಗೆ ವ್ಯತ್ಯಾಸ ಇದ್ದರೆ ದೊಡ್ಡ ಕಾಲಿನ ಲೆಕ್ಕ ಹಿಡಿಯಿರಿ, ಸಣ್ಣದಕ್ಕೆ ಒಳಗೊಂದು ತೆಳು ಹಾಸು ಸೇರಿಸಬಹುದು.

ಅಂಗಡಿಯಲ್ಲಿ ಲೇಸು ಬಿಚ್ಚಿಟ್ಟು ಕಾಲನ್ನು ಬೆರಳು ತಾಗುವವರೆಗೆ ಮುಂದೆ ನೂಕಿ. ಹಿಂಬಡದ ಹಿಂದೆ ಒಂದು ಕೈಬೆರಳು ಹೋಗಬೇಕು. ಎರಡು ಸಲೀಸಾಗಿ ಹೋದರೆ ಉದ್ದ ಹೆಚ್ಚು. ಆಮೇಲೆ ಹಿಂಬಡವನ್ನು ಹಿಂದೆ ಕುಟ್ಟಿ ಕೂರಿಸಿ ಲೇಸು ಬಿಗಿಯಿರಿ. ಲೇಸಿನ ಎರಡು ಸಾಲು ಕಣ್ಣುಗಳ ನಡುವೆ ಎರಡು ಸೆಂಟಿಮೀಟರಿನಷ್ಟು ಸಂದು ಉಳಿದಿದ್ದರೆ ಸರಿ. ಹೊಸದರಲ್ಲೇ ಎರಡೂ ಅಂಚು ಕೂಡಿಬಿಟ್ಟರೆ ಮುಂದೆ ಚರ್ಮ ಸಡಿಲಾದಾಗ ಬಿಗಿಯಲು ಜಾಗವೇ ಇರುವುದಿಲ್ಲ. ನಡೆದು ನೋಡುವಾಗ ಹಿಂಬಡ ಕಾಲಿಂಚಿನಷ್ಟು ಎದ್ದರೆ ಹೊಸ ವೆಲ್ಟ್ ಬೂಟಿಗೆ ಅದು ಸಹಜ, ಸೋಲ್ ಬಗ್ಗಲು ಕಲಿತ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಎದ್ದರೆ ನಿಲ್ಲುವುದಿಲ್ಲ.

ದುರ್ಗದಬೈಲಿನ ಅಂಗಡಿ ಸಾಲಿನಲ್ಲಿ ಯಾರಿಗಾದರೂ ಬೂಟು ಕಚ್ಚುತ್ತದೆ ಅನ್ನಿ, ಬರುವ ಉತ್ತರ ಒಂದೇ: “ಈಗ ಬಿಗಿ ಅನಸ್ತಾವ್ರೀ ಸರ, ನಾಕ್ ದಿನ ಹಾಕ್ಕೊಂಡ್ರ ತಾವ ಸಡ್ಲ ಆಗ್ತಾವು.” ಅರ್ಧ ನಿಜ. ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದೇ ಇಲ್ಲ. ಪಕ್ಕದ ಗೆಣ್ಣಿನ ಹತ್ತಿರ ಹಿತವಾಗಿ ಒತ್ತುತ್ತಿದ್ದರೆ ತಗೊಳ್ಳಿ. ಬೆರಳ ತುದಿ ಮುಂದಕ್ಕೆ ತಾಗುತ್ತಿದ್ದರೆ ಯಾವ ಮಾತಿಗೂ ಮರುಳಾಗಬೇಡಿ. ಸ್ಟೀಲ್ ಟೋ ಇದ್ದ ಕಡೆ ಅಗಲಕ್ಕೂ ಹಿಗ್ಗುವುದಿಲ್ಲ, ಕಬ್ಬಿಣಕ್ಕೆ ಕಾಲಿನ ಗುರುತು ಬೀಳುವುದಿಲ್ಲವಲ್ಲ. ಸೇಫ್ಟಿ ಬೂಟಿನಲ್ಲಿ ಕಿರುಬೆರಳು ಮೊದಲ ದಿನ ಒತ್ತಿದರೆ ಕೊನೆಯ ದಿನವೂ ಒತ್ತುತ್ತದೆ, ಆಣಿ ಕಟ್ಟುತ್ತದೆ.

ಐರನ್ ರೇಂಜರನ್ನು ಹುಬ್ಬಳ್ಳಿಯಲ್ಲಿ ಹಾಕಿ ನೋಡಿ ತಗೊಳ್ಳುವ ಅನುಕೂಲ ಇಲ್ಲ. ತರಿಸಿಕೊಂಡರೆ ಬೆಲೆ, ಸಾಗಣೆ, ಸುಂಕ ಎಲ್ಲ ಸೇರಿ ಇಲ್ಲಿನ ಸೇಫ್ಟಿ ಬೂಟಿನ ಹತ್ತಾರು ಪಟ್ಟು ಆಗುತ್ತದೆ. ಹಾಗಾಗಿ ನಂಬರು ತಪ್ಪಬಾರದು. ನಮ್ಮಲ್ಲಿ ನಡೆಯುವುದು ಯುಕೆ ನಂಬರು, ಅವರದು ಯುಎಸ್. ಗಂಡಸರ ಬೂಟಿಗೆ ಯುಎಸ್ ನಂಬರು ಸುಮಾರು ಒಂದು ಹೆಚ್ಚು. ಮೇಲಾಗಿ ಐರನ್ ರೇಂಜರಿನ ಅಚ್ಚು ದೊಡ್ಡದು. ಯುಕೆ 8ರ ಸ್ಪೋರ್ಟ್ಸ್ ಶೂ ಹಾಕುವವರು ಯುಎಸ್ 9 ಎಂದುಕೊಂಡು ತರಿಸಿದರೆ ಕಾಲು ಒಳಗೆ ಈಜುತ್ತದೆ. ಅವರಿಗೆ ಹೆಚ್ಚಿನ ಸಲ ಸರಿಹೋಗುವುದು ಯುಎಸ್ 8. ಡಿ ಅಂದರೆ ಸಾಧಾರಣ ಅಗಲ, ಇಇ ಅಂದರೆ ಹರವು. ಹರವಾದ ಕಾಲಿನವರು ನಂಬರು ಏರಿಸದೆ ಇಇ ಹುಡುಕಲಿ. 1460ರಲ್ಲಿ ಅರ್ಧ ನಂಬರೇ ಇಲ್ಲ. ನಡುವಿನ ಅಳತೆಯವರು ಕೆಳಗಿನ ನಂಬರು ತಗೊಳ್ಳುವುದು ರೂಢಿ, ಕಾಲು ಹರವಾಗಿದ್ದರೆ ಅದೂ ಕಷ್ಟ.

ಪಳಗಿಸುವುದಕ್ಕೆ ಅಡ್ಡದಾರಿ ಇಲ್ಲ. ಮೊದಲೆರಡು ದಿನ ಮನೆಯಲ್ಲೇ ಒಂದೊಂದು ತಾಸು, ಆಮೇಲೆ ಎರಡು ಮೂರು ತಾಸು, ಒಂದು ವಾರದ ನಂತರ ಅರ್ಧ ದಿನ. ವೆಲ್ಟ್ ಬೂಟು ಪೂರ್ತಿ ಕಾಲಿಗೆ ಹತ್ತಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟರಲ್ಲಿ ಕಾರ್ಕ್ ಒತ್ತಿಕೊಂಡು ನಿಮ್ಮ ಪಾದದ್ದೇ ತಗ್ಗು ಬಿದ್ದಿರುತ್ತದೆ. ನೀರಲ್ಲಿ ನೆನೆಸಿ ಹಾಕಿಕೊಂಡರೆ ಬೇಗ ಪಳಗುತ್ತದೆ ಎಂದು ಹೇಳುವವರಿದ್ದಾರೆ. ಹಾಗೆ ಮಾಡಿದರೆ ಚರ್ಮದೊಳಗಿನ ಎಣ್ಣೆ ನೀರಿನ ಜೊತೆ ಹೊರಗೆ ಬಂದು, ಒಣಗಿದಾಗ ಮೊದಲಿಗಿಂತ ಬಿರುಸಾಗುತ್ತದೆ.

ಚರ್ಮ ಮತ್ತು ಗೇರ್ ಲಿವರ್

ಸೇಫ್ಟಿ ಬೂಟುಗಳಲ್ಲಿ ಹೆಚ್ಚು ಬರುವುದು ಎಮ್ಮೆಯ ಚರ್ಮ, ಮೇಲೆ ಬಾರ್ಟನ್ ಅನ್ನುವ ಕಾಳುಕಾಳಿನ ಅಚ್ಚು. ಅಚ್ಚು ಇದ್ದ ಮಾತ್ರಕ್ಕೆ ಕೆಟ್ಟದ್ದಲ್ಲ, ಗೀರು ಮುಚ್ಚಲು ಅದು ಬೇಕು. ಆದರೆ ಅದೇ ಅಚ್ಚಿನ ಕೆಳಗೆ ಸ್ಪ್ಲಿಟ್ ಚರ್ಮವೂ ಅಡಗಿರಬಹುದು. ತೊಗಲನ್ನು ಅಡ್ಡಸೀಳಿ ಮೇಲಿನ ಗಟ್ಟಿ ಪದರ ತೆಗೆದ ಮೇಲೆ ಉಳಿಯುವ ಕೆಳಗಿನ ಪದರಕ್ಕೆ ಪ್ಲಾಸ್ಟಿಕ್ ಲೇಪ ಹಾಕಿದ್ದು ಅದು. ಮಡಚುವ ಗೆರೆಯಲ್ಲಿ ಕೆಲವೇ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಗುರುತಿಸಲು ಹೆಬ್ಬೆರಳಿನಿಂದ ಚರ್ಮವನ್ನು ಒಳಕ್ಕೆ ಒತ್ತಿ ನೋಡಿ. ಸುತ್ತ ಸಣ್ಣ ಸುಕ್ಕು ಹರಡಿ ಬಿಟ್ಟ ಕೂಡಲೇ ಮಾಯವಾದರೆ ಒಳ್ಳೆಯದು. ಒಂದೆರಡು ದಪ್ಪ ಮಡಿಕೆ ಬಿದ್ದು ಲೇಪ ಬೇರೆಯಾಗಿ ಎದ್ದ ಹಾಗೆ ಕಂಡರೆ ಸ್ಪ್ಲಿಟ್ ಇರಬಹುದು. ನಾಲಗೆಯ ಹತ್ತಿರದ ಕತ್ತರಿಸಿದ ಅಂಚು ಇನ್ನೂ ಸ್ಪಷ್ಟ ಹೇಳುತ್ತದೆ. ಮೇಲಿನಿಂದ ಕೆಳಗಿನವರೆಗೆ ಒತ್ತಾದ ನಾರು ಇರಬೇಕು, ಮೇಲೆ ಹಾಳೆಯಂಥ ಬೇರೆ ಪದರ ಕಾಣಬಾರದು.

1460ರ ಸಾದಾ ಚರ್ಮದ ಮೇಲೆ ಹೊಳಪಿನ ಲೇಪವಿದೆ. ಒರೆಸಿದರೆ ಸ್ವಚ್ಛ, ಆದರೆ ಗೇರ್ ಲಿವರ್ ಆ ಲೇಪವನ್ನು ಉಜ್ಜಿ ತೆಗೆದ ಜಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ. ಐರನ್ ರೇಂಜರಿನ ಚರ್ಮಕ್ಕೆ ದಪ್ಪ ಲೇಪವಿಲ್ಲ, ಎಣ್ಣೆ ಉಣಿಸಿದ್ದು. ಉಜ್ಜಿದ ಜಾಗಕ್ಕೆ ಕ್ರೀಮ್ ತಿಕ್ಕಿದರೆ ಬಹಳ ಮಟ್ಟಿಗೆ ಕೂಡಿಕೊಳ್ಳುತ್ತದೆ. ಬೆರಳ ಮೇಲೆ ಎರಡು ಪದರ ಇರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ: ಲಿವರ್ ಬಡಿಯುವುದು ಹೆಚ್ಚಾಗಿ ಆ ಎರಡು ಪದರದ ಜಾಗಕ್ಕೇ. ಅದೇ ಕಂಪನಿಯ 875 ಅನ್ನುವ ಮಾದರಿಯಲ್ಲಿ ಬೆರಳ ಸುತ್ತ ಎದ್ದು ಕಾಣುವ ಹೊಲಿಗೆ ಇದೆ. ನೋಡಲು ಬಲು ಚೆಂದ, ಆದರೆ ಲಿವರ್ ಆ ದಾರವನ್ನೇ ತಿನ್ನುತ್ತದೆ. ಹೊಲಿಗೆ ಬಿಟ್ಟರೆ ನೀರಿಗೆ ಬಾಗಿಲು ತೆರೆದಂತೆ. ಬೈಕಿನವರಿಗೆ ಅದು ಬೇಡ. ಯಾವ ಬೂಟಾದರೂ ಲಿವರಿಗೆ ಒಂದು ಮೆತ್ತನೆಯ ರಬ್ಬರ್ ತೋಳು ಹಾಕಿಸಿ. ಗ್ಯಾರೇಜಿನವರು ಹಳೆಯ ಟ್ಯೂಬಿನ ತುಂಡು ಸುತ್ತಿ ಕಟ್ಟಿಕೊಟ್ಟರೂ ಸಾಕು.

ಐರನ್ ರೇಂಜರಿಗೆ ಸ್ಟೀಲ್ ಟೋ ಇಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಎರಡು ಪದರದ ಚರ್ಮ ಗೀರಿನಿಂದ ಕಾಯುತ್ತದೆ, ಕಬ್ಬಿಣದ ಬಿಲ್ಲೆಟ್ಟಿನಿಂದ ಕಾಯುವುದಿಲ್ಲ. ಇಂಥ ಬೂಟುಗಳ ಭಾರತೀಯ ಮಾನದಂಡ ಐಎಸ್ 15298. ಅದರ ಭಾಗ 2 ಅನ್ವಯಿಸುವ ಬೂಟಿನ ಟೋ 200 ಜೂಲ್ ಹೊಡೆತ ತಾಳಬೇಕು, ಅಂದರೆ 20 ಕೆಜಿ ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಭಾಗ 3ರ ಬೂಟಿಗೆ ಇದರರ್ಧ, 100 ಜೂಲ್. ಎರಡಕ್ಕೂ ಐಎಸ್‌ಐ ಗುರುತು ಇರುತ್ತದೆ, ಆದ್ದರಿಂದ ಭಾಗ ಯಾವುದು ಎಂದು ಓದಿ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಈ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಮೊಳೆ, ತಗಡಿನ ಚೂರು ಬಿದ್ದಿರುವ ಕಡೆ ಕೆಲಸವಿದ್ದರೆ ಎಸ್1ಪಿ ಅಥವಾ ಎಸ್3 ಎಂಬ ಗುರುತು ನೋಡಿ, ಅವುಗಳ ತಳದಲ್ಲಿ ಮೊಳೆ ತಡೆಯುವ ಪದರ ಇರುತ್ತದೆ. ಒಮ್ಮೆ ಭಾರ ಬಿದ್ದು ಟೋ ಪೆಟ್ಟು ತಿಂದ ಬೂಟು ಹೊರಗೆ ಸರಿಯಾಗಿಯೇ ಕಂಡರೂ ಮತ್ತೆ ಹಾಕಬಾರದು.

ನಮ್ಮ ನೆಲ

ಹುಬ್ಬಳ್ಳಿಯ ಪೂರ್ವಕ್ಕೆ ನವಲಗುಂದ, ಗದಗ ಕಡೆ ಹೋದಂತೆ ಎರಿ ಹೊಲ. ಹಸಿ ಎರಿ ಮಣ್ಣಿಗೆ ಆಳ ಹಲ್ಲಿನ ಸೋಲ್ ಸಲ್ಲದು; ಹತ್ತು ಹೆಜ್ಜೆಗೆ ಹಲ್ಲು ತುಂಬಿ, ಬೂಟಿನ ಅಡಿಗೆ ಇನ್ನೊಂದು ಸೋಲ್ ಕಟ್ಟಿದ ಹಾಗಾಗಿ, ಹಿಡಿತವೂ ಹೋಗುತ್ತದೆ. ಪೂರ್ತಿ ಸಪಾಟಾದ ಬಿಳಿ ವೆಜ್ ಸೋಲಿಗೆ ಮಣ್ಣು ಕಡಿಮೆ ಹತ್ತುತ್ತದೆ, ಆದರೆ ಬದುವಿನ ಮೇಲೆ ಜಾರುತ್ತದೆ. ನಡುವಿನದು ತೆಳು ಹಲ್ಲಿನ ರಬ್ಬರ್ ಸೋಲ್, ಈಗಿನ ಐರನ್ ರೇಂಜರಿನಲ್ಲಿ ಬರುವಂಥದ್ದು. ಕುಟ್ಟಿದರೆ ಮಣ್ಣು ಬಿಡುತ್ತದೆ, ಸಾಧಾರಣ ಇಳಿಜಾರಿಗೆ ಹಿಡಿತವೂ ಸಾಕು. ನಿಂತ ನೀರಿನ ಗದ್ದೆಗೆ, ಮೊಣಕಾಲವರೆಗಿನ ಕೆಸರಿಗೆ ಯಾವ ಚರ್ಮದ ಬೂಟೂ ಬೇಡ, ಗಮ್ ಬೂಟು ಹಾಕಿ.

ಚರ್ಮಕ್ಕೆ ಕೇಡು ಹಸಿ ಮಣ್ಣಿಗಿಂತ ಒಣಗಿದ ಮಣ್ಣಿನಿಂದ. ಜಿಗುಟು ಮಣ್ಣು ಒಣಗುತ್ತ ಚರ್ಮದ ಎಣ್ಣೆ ಹೀರಿಕೊಳ್ಳುತ್ತದೆ, ಮಡಿಕೆಯಲ್ಲಿ ಕೂತ ಕಣ ನಡೆದಾಗಲೆಲ್ಲ ನಾರನ್ನು ಕೊಯ್ಯುತ್ತದೆ. ಸಂಜೆ ಮನೆಗೆ ಬಂದ ಕೂಡಲೇ, ಮಣ್ಣು ಇನ್ನೂ ಪೂರ್ತಿ ಒಣಗುವ ಮೊದಲೇ, ತೊಯ್ದ ಬಟ್ಟೆಯಿಂದ ಒರೆಸಿ. ವೆಲ್ಟಿನ ಸಂದಿಗೆ ಹಳೆಯ ಟೂತ್ ಬ್ರಷ್ ಆಡಿಸಿ. ಸಿಮೆಂಟು, ಯೂರಿಯಾ, ಕೊಟ್ಟಿಗೆಯ ಗಂಜಲ ಇವು ಮಣ್ಣಿಗಿಂತ ಕೆಟ್ಟವು. ಅಂದೇ ನೀರಿನಿಂದ ಒರೆಸದಿದ್ದರೆ ಚರ್ಮ ಸೀಳುತ್ತದೆ.

ಜೂನಿನಿಂದ ಅಕ್ಟೋಬರ್‌ವರೆಗೆ ಬೂಟು ತೊಯ್ಯದೆ ಇರುವುದಿಲ್ಲ. ಒಳಗೆ ಬಿಡಿ ಹಾಸು ಇದ್ದರೆ ಹೊರಗೆ ತೆಗೆದು, ಹಳೆಯ ಪೇಪರ್ ತುಂಬಿ, ಎರಡು ಮೂರು ತಾಸಿಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗೆ ಪಕ್ಕಕ್ಕೆ ಮಲಗಿಸಿಡಿ. ಸೋಲಿಗೂ ಗಾಳಿ ಆಡಲಿ. ಒಲೆಯ ಪಕ್ಕ, ಬೈಕಿನ ಸೈಲೆನ್ಸರ್ ಮೇಲೆ, ಕಡು ಬಿಸಿಲಿನಲ್ಲಿ ಇಡಬೇಡಿ. ತೊಯ್ದ ಚರ್ಮಕ್ಕೆ ಬಿಸಿ ತಾಗಿದರೆ ನಾರು ಕುಗ್ಗಿ ಬಿರುಸಾಗುತ್ತದೆ, ಆ ಬಿರುಸು ಯಾವ ಎಣ್ಣೆಗೂ ಬಿಡುವುದಿಲ್ಲ. ದಿನವಿಡೀ ಹಾಕಿದ ಬೂಟು ಒಳಗಿನ ಬೆವರು ಆರಲು ಒಂದು ಹಗಲು ಒಂದು ರಾತ್ರಿಯಾದರೂ ಕೇಳುತ್ತದೆ. ಸಾಧಾರಣ ಬೆಲೆಯ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ, ಒಂದಾದ ಮೇಲೊಂದು ಹಾಕಿ ಹರಿದುಕೊಳ್ಳುವುದಕ್ಕಿಂತ ಹೆಚ್ಚು ಕಾಲ ಬರುತ್ತವೆ. ಬೂಷ್ಟು ಹಿಡಿದರೆ ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ ಒರೆಸಿ, ನೆರಳಲ್ಲಿ ಆರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ ಬೇಕು. ಮನೆಯಲ್ಲಿ ಕುಸುಬಿ ಎಣ್ಣೆ ಇರುತ್ತದೆ, ಅಗಸಿ ಎಣ್ಣೆಯೂ ಸಿಗುತ್ತದೆ. ಇವೆರಡೂ ಗಾಳಿಗೆ ಒಣಗಿ ಪೊರೆ ಕಟ್ಟುವ ಜಾತಿಯ ಎಣ್ಣೆಗಳು, ಅದಕ್ಕೇ ಬಣ್ಣ ವಾರ್ನಿಶ್ ಮಾಡುವವರಿಗೆ ಬೇಕಾಗುತ್ತವೆ. ಚರ್ಮಕ್ಕೆ ಹಚ್ಚಿದರೆ ಮೊದಲು ಮಿದುವಾದಂತೆ ಕಂಡು ಆಮೇಲೆ ಅಂಟಾಗಿ, ಕೊನೆಗೆ ಗಟ್ಟಿಯಾಗಿ ಬಿರುಕು ತರಿಸುತ್ತವೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ ನಿಜ, ಆದರೆ ಹೆಚ್ಚಾದರೆ ಚರ್ಮ ಜೋತು ಬೀಳುತ್ತದೆ, ಧೂಳು ಹಿಡಿಯುತ್ತದೆ. ಚರ್ಮಕ್ಕೆಂದೇ ಬರುವ, ಜೇನುಮೇಣ ಸೇರಿದ ಕಂಡಿಷನರ್ ತಗೊಳ್ಳಿ. ಒಂದು ಬೂಟಿಗೆ ಅರ್ಧ ಟೀ ಚಮಚ ಸಾಕು, ಬೆರಳಿನಿಂದ ತೆಳುವಾಗಿ ತಿಕ್ಕಿ, ಒಂದು ರಾತ್ರಿ ಬಿಟ್ಟು ಬ್ರಷ್ ಮಾಡಿ. ಎರಡು ಮೂರು ತಿಂಗಳಿಗೊಮ್ಮೆ, ಮಳೆಗಾಲದ ಮುಂಚೆ ಮತ್ತು ನಂತರ ತಪ್ಪದೆ. ಡಬ್ಬಿಯ ಮೇಣದ ಪಾಲಿಶ್ ಹೊಳಪಿಗೆ ಸರಿ, ಅದು ಚರ್ಮದೊಳಗೆ ಇಳಿಯುವುದಿಲ್ಲ.

ಹೊಸ ಸೋಲ್

ವೆಲ್ಟ್ ಬೂಟಿಗೆ ಕೊಟ್ಟ ದುಡ್ಡು ವಾಪಸ್ ಬರುವುದು ಇಲ್ಲಿ. ಆದರೆ ಹೊತ್ತು ನೋಡಿ ಒಯ್ಯಬೇಕು. ಹಿಂಬಡದ ಕೆಳಗಿನ ರಬ್ಬರ್ ತುಂಡು ಸವೆದು ಅದರ ಮೇಲಿನ ಪದರ ತಾಗುವ ಮೊದಲೇ ಆ ತುಂಡನ್ನು ಬದಲಿಸಿ. ಇದು ಸಣ್ಣ ಕೆಲಸ, ಬೀದಿಬದಿಯಲ್ಲೇ ಆಗುತ್ತದೆ. ಮುಂದಿನ ಸೋಲನ್ನು ಅಡಿಯಿಂದ ಹೆಬ್ಬೆರಳಲ್ಲಿ ಒತ್ತಿದಾಗ ಬಗ್ಗಿದರೆ ಹೊಸ ಸೋಲಿನ ಸಮಯ ಬಂತು. ಇನ್ನೂ ಕಾದರೆ ಸವೆತ ವೆಲ್ಟಿನವರೆಗೆ ಏರುತ್ತದೆ, ವೆಲ್ಟ್ ಹೋದರೆ ಖರ್ಚು ಎರಡು ಪಟ್ಟು.

ವೆಲ್ಟಿಗೆ ಸೋಲ್ ಹೊಲಿಯುವ ಯಂತ್ರ ಎಲ್ಲ ಕಡೆ ಇರುವುದಿಲ್ಲ, ಆದರೆ ಕೈಹೊಲಿಗೆ ಬಲ್ಲವರು ಈ ಭಾಗದಲ್ಲಿದ್ದಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜೊತೆ ಧಾರವಾಡ ಜಿಲ್ಲೆಯೂ ಇದೆ. ದಪ್ಪ ಚರ್ಮದ ತಳ ಹೊಲಿಯುವ ಕೈ ಇಲ್ಲಿ ಹೊಸದಲ್ಲ. ಮೊದಲು ಹಳೆಯ ಹೊಲಿಗೆ ಕತ್ತರಿಸಿ ಸೋಲ್ ಬಿಡಿಸಬೇಕು. ಒಳಗಿನ ಕಾರ್ಕ್ ಪುಡಿಯಾಗಿದ್ದರೆ ಕೆರೆದು ಹೊಸದು ತುಂಬಬೇಕು. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಅಂಗಾಲಿನ ಕೆಳಗೆ ತಗ್ಗು ಬಿದ್ದ ಹಾಗಾಗುತ್ತದೆ. ಎರಡೂ ಮೈಯನ್ನು ಒರಟು ಮಾಡಿ ಸಲೂಷನ್ ಅಂಟನ್ನು ತೆಳುವಾಗಿ ಎರಡು ಸಲ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಕೈಗೆ ಅಂಟದಷ್ಟು ಆರಿದ ಮೇಲೆ ಕೂರಿಸಿ ಸುತ್ತಿಗೆಯಿಂದ ತಟ್ಟಬೇಕು. ಹಸಿಯಾಗಿದ್ದಾಗಲೇ ಒತ್ತಿದ ಸೋಲು ಮೊದಲ ಮಳೆಗೇ ಬಾಯಿಬಿಡುತ್ತದೆ. ನಂತರ ಮೇಣ ಹಚ್ಚಿದ ನೈಲಾನ್ ಅಥವಾ ಪಾಲಿಯೆಸ್ಟರ್ ದಾರದಿಂದ ವೆಲ್ಟಿನ ಹಳೆಯ ತೂತುಗಳಲ್ಲೇ ಹೊಲಿಗೆ. ಹೊಸ ತೂತು ಹತ್ತಿರ ಹತ್ತಿರ ಚುಚ್ಚಿದರೆ ವೆಲ್ಟ್ ಅಂಚೆಚೀಟಿಯ ಹಾಳೆಯ ಗತಿ ಕಾಣುತ್ತದೆ, ಹರಿದು ಬರುತ್ತದೆ.

ಕೊಡುವಾಗಲೇ ಹೇಳಿ: “ಕಾಕಾ, ಮುಂದ ಮೊಳಿ ಹೊಡೀಬ್ಯಾಡ್ರಿ, ಹೊಲಿಗಿನ ಹಾಕ್ರಿ. ವೆಲ್ಟ್ ಕೆರಿಬ್ಯಾಡ್ರಿ.” ಕಬ್ಬಿಣದ ಮೊಳೆ ಒಳಹಾಸಿನವರೆಗೆ ತೂರುತ್ತದೆ, ಬೆವರಿಗೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಸುತ್ತಲಿನ ಚರ್ಮ ಕಪ್ಪಾಗಿ ಕೊಳೆಯುತ್ತದೆ. ಹಿಂಬಡಕ್ಕೆ ಮೊಳೆ ಹೊಡೆದರೆ ಅಡ್ಡಿಯಿಲ್ಲ, ಅಲ್ಲಿ ಪದರ ದಪ್ಪ. ಕೆಲಸ ಮುಗಿದ ಬೂಟನ್ನು ಒಂದು ದಿನ ಹಾಕದೆ ಬಿಡಿ, ಸಲೂಷನ್ ಪೂರ್ತಿ ಹಿಡಿಯಲು ಅಷ್ಟು ಹೊತ್ತು ಬೇಕು. ತರುವ ಮುಂಚೆ ಒಳಗೆ ಕೈ ಹಾಕಿ ಬೆರಳುಗಳಿಂದ ಒಳಹಾಸನ್ನೆಲ್ಲ ತಡವಿ ನೋಡಿ. ಎಲ್ಲಾದರೂ ಮೊಳೆಯ ಚೂಪು ಸಿಕ್ಕರೆ ಅಲ್ಲೇ ಕೂತು ಮಟ್ಟ ಮಾಡಿಸಿಕೊಳ್ಳಿ.